ಗಡಿ ದಾಟಿದ ಪಾದುಕೆ

ಶಾಪಗ್ರಸ್ತ ಪಾದುಕೆಯ ಬಗ್ಗೆ ಕಾದಂಬರಿ ಬರೆಯಲು ಮಧುಗಿರಿಯಲ್ಲಿ ಸೇರಿದ್ದ ಮೊದಲ ಸಭೆ ಮುಗಿಸಿ ಬಸ್ಸು ಹತ್ತಿದ ಲೋಹಿತಾಳ ಎಡಗಾಲಲ್ಲಿ ಅವಳದೇ ಚಪ್ಪಲಿ, ಬಲಗಾಲಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಜಯರಾಮಯ್ಯನವರದು. ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿಬಂದ ಅವರು, "ನನ್ನ ಎಕ್ಕಡ" ಎಂದು ಏದುಸಿರುಬಿಟ್ಟರು. ಜೊತೆಗಿದ್ದ ಪಾವಗಡದ ರಂಗೇಶ್ ಬಸ್ಸಿನೊಳಗೆ ಬಗ್ಗಿ ನೋಡಿ, ತನ್ನೂರಿನ ತೆಲುಗಿನಲ್ಲಿ "ಇಕ್ಕಡೇ ಉಂದಿ ಸಾ" ಎಂದ.

ಲೋಹಿತಾ ಕೊರಟಗೆರೆ ತಾಲ್ಲೂಕು ತೋವಿನಕೆರೆಯ ಅಂಚೆ ಕಚೇರಿ ನೋಡಿಕೊಳ್ಳುವವಳು. ಇಪ್ಪತ್ತು ವರ್ಷ ಊರವರ ಹೆಸರಿನ ಮೇಲೆ ಮೊಹರು ಒತ್ತಿದವಳಿಗೆ, ಒಮ್ಮೆಯಾದರೂ ತನ್ನ ಹೆಸರು ಪುಸ್ತಕದ ಮೇಲೆ ಅಚ್ಚಾಗಲಿ ಎಂಬ ಆಸೆ. ನಾಲ್ಕು ತಾಲ್ಲೂಕು, ನಾಲ್ವರು ಲೇಖಕರು, ಒಂದೇ ಕಾದಂಬರಿ. ಪಾಳೆಗಾರರ ಕಾಲ. ಸಾಧುವೊಬ್ಬನ ಬೆಳ್ಳಿ ಪಾದುಕೆ ಕಳುವಾಗಿದೆ, ಇಟ್ಟುಕೊಂಡವರು ಸಾಯುತ್ತಾರೆ.

ನಮ್ಮ ಕಡೆ ಊರಿಗೆ ಮಾರಿ ಬಂದರೆ ಪೂಜೆ ಮಾಡಿ ಗಡಿ ದಾಟಿಸಿ ಬರುವುದು ರೂಢಿ. ಆಮೇಲಿನದು ಮುಂದಿನ ಊರಿನವರ ಪಾಡು. ಲೇಖಕರೂ ಅದನ್ನೇ ಮಾಡಿದರು. ರಂಗೇಶ್ ಎರಡು ಹೆಣ ಬೀಳುತ್ತಲೇ ಪಾದುಕೆಯನ್ನು ಗಾಡಿಗೆ ಹಾಕಿ ಶಿರಾಕ್ಕೆ ಕಳಿಸಿದ. ಶಿರಾದ ಗಡಿಯಾರ ರಿಪೇರಿಯ ಮಕ್ಬೂಲ್ ಸಾಬರು ಒಬ್ಬ ಸುಬೇದಾರನನ್ನು ಬಲಿಕೊಟ್ಟು ಅದನ್ನು ಮಧುಗಿರಿಗೆ ಅಟ್ಟಿದರು. ಜಯರಾಮಯ್ಯ ಬೆಟ್ಟ ಹತ್ತಿಸಿ, ಇಳಿಸಿ, ಕೊರಟಗೆರೆಗೆ ದಾಟಿಸಿ ಕೈ ತೊಳೆದುಕೊಂಡರು. ಕೊನೆಯ ಅಧ್ಯಾಯ ಲೋಹಿತಾಳದು.

ಅವಳು ಮಕ್ಬೂಲರಿಗೆ ಫೋನು ಮಾಡಿದಳು. "ಸಾಬರೇ, ವಾಪಸ್ ಶಿರಾಕ್ಕೇ ಕಳಿಸ್ಲಾ?"

"ನಕ್ಕೋ ಬೆಹನ್. ನಮ್ ಸುಬೇದಾರಂಗೆ ಇನ್ನೂ ಮಣ್ಣೇ ಆಗಿಲ್ಲ."

ಜಯರಾಮಯ್ಯನವರದು ಇನ್ನೂ ಖಡಕ್ಕು. "ನಮ್ ಮೂರು ತಾಲ್ಲೂಕಿಗೂ ಅದು ತಿರುಗಿ ಬರ್ಕೂಡ್ದು ಕಣಮ್ಮ. ಬಂತೋ, ಮುಖಪುಟದಾಗೆ ಮೂರೇ ಹೆಸರು."

ತಿಂಗಳಿಡೀ ಬರೆದು ಹರಿದು, ಹರಿದು ಬರೆದು ಕಳಿಸಿದಳು. ಪುಸ್ತಕ ಬಂತು, ಮುಖಪುಟದಲ್ಲಿ ನಾಲ್ಕೂ ಹೆಸರಿದ್ದವು. ತನ್ನದರ ಮೇಲೆ ಅವಳು ನಾಲ್ಕು ಸಲ ಬೆರಳಾಡಿಸಿದಳು. ಕೊನೆಯ ಪುಟದಲ್ಲಿ ತೋವಿನಕೆರೆಯ ಮುದುಕಿಯೊಬ್ಬಳು ಪಾದುಕೆಯನ್ನು ಮನೆಗೆ ತಂದು ಒಲೆ ಪಕ್ಕ ಇಟ್ಟು, "ನಿಂಗೂ ನಡ್ದು ನಡ್ದು ಸಾಕಾಗಿರ್ಬೇಕು, ಕೂತ್ಕೋ" ಎನ್ನುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಬಿಡುಗಡೆಯ ದಿನ ತುಮಕೂರಿನ ಕಾಲೇಜು ಮೇಷ್ಟ್ರು ರಂಗರಾಜು ಕಣ್ಣೊರೆಸಿಕೊಂಡು ಎದ್ದುನಿಂತರು. "ಎಲ್ಲರೂ ದಾಟಿಸಿದ ಶಾಪವನ್ನ ನೀವೊಬ್ಬರೇ ನಿಮ್ಮೂರಲ್ಲಿ ಉಳಿಸಿಕೊಂಡಿರಿ. ಇಷ್ಟು ದೊಡ್ಡ ಮನಸ್ಸು ಹೇಗೆ ಬಂತು ಮೇಡಂ?"

ಲೋಹಿತಾ ಮೈಕು ಹತ್ತಿರಕ್ಕೆ ಎಳೆದುಕೊಂಡಳು.

"ಇಲ್ಲ ಸಾ, ಬೆಳಿಗ್ಗೆ ಎದ್ದೇಟ್ಗೆ ಆ ಮುದ್ಕಿ ಅದನ್ನ ನಿಮ್ ತುಮಕೂರಿಗೆ ದಾಟಿಸ್ಬುಟ್ಟಿದ್ಲು. ಪುಟ ಜಾಸ್ತಿ ಆಯ್ತು ಅಂತ ಪ್ರೆಸ್ಸಿನೋರು ಕೊನೇ ಎರಡು ಹಾಳೆ ಕಿತ್ತಾಕವ್ರೆ."