ಯಾರದ್ದೂ ಅಲ್ಲದ ಕಂಬ

ಬೆಳಿಗ್ಗೆ ಮೊಮ್ಮಗಳು ಬಣ್ಣದ ಕಾಗದ ಕತ್ತರಿಸಿ ಗೋಡೆಗೆಲ್ಲ ಅಂಟಿಸಿದಳು. ನನ್ನ ಸೀರೆಗೂ ಒಂದು ನಕ್ಷತ್ರ ಅಂಟಿಸಿ, "ಅಜ್ಜಿ, ಡೋಂಟ್ ಮೂವ್" ಅಂದಳು. ಇವಳು ಹೇಳಿದರೆ ಸಂಜೆಯವರೆಗೂ ಹಾಗೇ ಕೂರುವವಳು ನಾನು. ಆ ಗೋಂದಿನ ವಾಸನೆಗೆ ಪಕ್ಕದ ಮನೆಯ ಟೈಲರ್ ಸಾಯಿಬ್ರು ನೆನಪಾದರು...

ಅರಬರ ನಾಡಿನ ನಮ್ಮ ಅಲ್ ಅಜೀಜಿಯಾದ ಈ ಗಲ್ಲಿಯಲ್ಲಿ ನಮಗಿಂತ ಮೊದಲೇ ಬಂದು ನೆಲೆಸಿದ್ದ ಮಂಗಳೂರು ಕಡೆಯ ಬ್ಯಾರಿಗಳು ಅವರು. ಹೆಂಡತಿಗೆ ಕತ್ತಲಾದರೆ ಕಣ್ಣು ಕಾಣುತ್ತಿರಲಿಲ್ಲ. ಸಂಜೆ ತಂಪಾದ ಮೇಲೆ ಸ್ವಲ್ಪ ನಡೆದು ಬರುವುದೇ ಆಕೆಗಿದ್ದ ಸುಖ. ಗೇಟಿನೆದುರಿನ ಕಂಬದ ದೀಪ ಕೆಟ್ಟ ಮೇಲೆ ಒಮ್ಮೆ ಎಡವಿ ಬಿದ್ದರು. ಮತ್ತೆ ಹೊರಗೆ ಬರುವುದನ್ನೇ ಬಿಟ್ಟರು.

ಸಾಯಿಬ್ರು ಬಲದಿಯಾಕ್ಕೆ, ಅಂದರೆ ಇಲ್ಲಿಯ ಮುನ್ಸಿಪಾಲಿಟಿಗೆ ಹೋದರು. ಅಲ್ಲಿಯವರು ಕಂಬ ಕರೆಂಟಿನವರದ್ದು ಅಂದರು. ಕರೆಂಟಿನವರು ರಸ್ತೆಯವರದ್ದು ಅಂದರು. ರಸ್ತೆಯವರು ಪುನಃ ಬಲದಿಯಾಕ್ಕೇ ಕಳಿಸಿದರು. ಅಂಗಡಿ ಮುಚ್ಚಿ ಬಿಸಿಲಲ್ಲಿ ಅಲೆದು ಅಲೆದು... ನೋಡಿದ ನಮಗೇ ರೇಗುತ್ತಿತ್ತು.

ಅದೇ ಕಂಬಕ್ಕೆ ಯಾರಾದರೂ ಬೆಡ್‌ಸ್ಪೇಸ್, ಅಂದರೆ ಕೋಣೆಯಲ್ಲಿ ಒಂದು ಮಂಚದ ಜಾಗ, ಬಾಡಿಗೆಗೆ ಉಂಟು ಎಂದು ಚೀಟಿ ಅಂಟಿಸಿದರೆ ಮಾತ್ರ ಬಲದಿಯಾದ ಜನ ಮರುದಿನವೇ ಬಂದು ಕೆರೆದು ತೆಗೆಯುತ್ತಿದ್ದರು. ಅದನ್ನು ನೋಡಿಯೇ ಸಾಯಿಬ್ರು ಒಂದು ಸಂಜೆ ಖಾಲಿ ಹಾಳೆಗೆ ಗೋಂದು ಬಳಿದು ಕಂಬಕ್ಕೆ ಅಂಟಿಸಿದರು.

"ಎಂತ ಸಾಯಿಬ್ರೆ, ಅದರಲ್ಲಿ ಎಂತದೂ ಬರೆದೇ ಇಲ್ವಲ್ಲ?" ಎಂದು ಕೇಳಿದೆ.

"ಬರ್ದು ಕೊಟ್ಟದ್ದನ್ನು ಅವ್ರು ಓದ್ಲಿಲ್ಲ ಅಕ್ಕ. ಇದಕ್ಕಾದ್ರೂ ಬರ್ತಾರೆ ನೋಡಿ."

ಬಂದರು. ಸಾಯಿಬ್ರು ಚಾ ಹಿಡಿದುಕೊಂಡು ಕಂಬದ ಬುಡದಲ್ಲೇ ಕಾಯುತ್ತಿದ್ದರು. ಕಂಬ ನಿಮ್ಮದಾದರೆ ದೀಪವನ್ನೂ ಹಾಕಿಸಿ ಎಂದರು. ಬಂದವನು ಮಲಯಾಳಿ ಹುಡುಗ. ಕಾಗದ ಕೆರೆಯುವುದಷ್ಟೇ ತನ್ನ ಕೆಲಸ, ದೀಪ ಬೇರೆಯವರದ್ದು ಅಂದ. ಖಲಾಸ್. ಸಾಯಿಬ್ರು ಆ ಚಾ ಅವನಿಗೇ ಕೊಟ್ಟರು.

"ಅವನದ್ದೆಂತ ತಪ್ಪು ಅಕ್ಕ? ಆದ್ರೆ ಒಳಗೆ ಕೂತವಳಿಗೆ ನಾನೀಗ ಎಂತ ಹೇಳುದು?" ಅಂದರು.

ಅಂಗಡಿ ಬಿಟ್ಟು ಅವರಿಬ್ಬರೂ ಊರಿಗೆ ಹೋದರು. ಅವರು ಹೋದ ಮೇಲೆ, ಯಾರೂ ಕೇಳದೆಯೇ, ಗಲ್ಲಿಗೆಲ್ಲ ಹೊಸ ದೀಪದ ಕಂಬಗಳು ಬಂದವು. ಖುಷಿಯಿಂದ ಫೋನ್ ಮಾಡಿದೆ. ಆಕೆಯೇ ಎತ್ತಿದರು. ಸಾಯಿಬ್ರು ತೀರಿಹೋಗಿದ್ದರು. ದೀಪದ ಸುದ್ದಿ ಹೇಳದೆಯೇ ಫೋನ್ ಇಟ್ಟೆ...

ಈಗ ದಿನಾ ಸಂಜೆ ಮೊಮ್ಮಗಳು ಆ ಬೆಳಕಿನಲ್ಲಿ ತನ್ನ ನೆರಳನ್ನೇ ತುಳಿಯಲು ಕುಣಿಯುತ್ತಾಳೆ. ನೋಡುತ್ತ ನಿಂತರೆ ನನಗೆ ಕಾಲು ನೋವೂ ಗೊತ್ತಾಗುವುದಿಲ್ಲ. ಆದರೆ ಸಿಟ್ಟು ಮಾತ್ರ ಇಳಿದಿಲ್ಲ. ಆಗುವ ಕೆಲಸವೇ ಆಗಿತ್ತಲ್ಲ ಅದು. ಇಷ್ಟೇ ಬೆಳಕು ಆಗ ಇದ್ದಿದ್ದರೆ ಆಕೆ ನಿಧಾನಕ್ಕೆ ಗೇಟು ದಾಟಿ ಬರುತ್ತಿದ್ದರು.