ಪೀರಪ್ಪ ಹಿಡಿದ ಸುರ

ಅಫಜಲಪುರದ ಪೀರಪ್ಪ ಜೀವಮಾನವನ್ನೆಲ್ಲ ಒಂದೇ ಸುರದಲ್ಲಿ ಕಳೆದ ಅಂದರೆ ನಂಬಬೇಕು. ಲಗ್ನದ ಮನೆಯಲ್ಲಿ ಧರ್ಮಣ್ಣ ಸನಾದಿ ಊದುತ್ತಿದ್ದ. ಅವನ ಮಗ್ಗುಲಲ್ಲಿ ನಿಂತು, ಇನ್ನೊಂದು ಸನಾದಿಯಲ್ಲಿ ಒಂದೇ ದನಿಯನ್ನು ಕಡಿಯದಂತೆ ಹಿಡಿಯುವುದು ಪೀರಪ್ಪನ ಕೆಲಸ. ಧರ್ಮಣ್ಣನ ಧಾಟಿ ಏರಲಿ, ಇಳಿಯಲಿ, ಅಳಲಿ, ಪೀರಪ್ಪನ ಸುರ ಮಾತ್ರ ಕೆಳಗೆ ಜಮಖಾನೆ ಹಾಸಿದಂತೆ ಇರಬೇಕು. ಬಾಯಿಂದ ಊದುತ್ತಲೇ ಮೂಗಿನಿಂದ ಉಸಿರೆಳೆದು ಕೆನ್ನೆಯಲ್ಲಿ ತುಂಬಿಟ್ಟುಕೊಳ್ಳುವ ಹಿಕಮತ್ತು ಅದಕ್ಕೆ ಬೇಕು. ಆದರೆ ಜನ ಟಾವೆಲು ಹೊದಿಸುತ್ತಿದ್ದದ್ದು ಧರ್ಮಣ್ಣನಿಗೆ.

“ನಿನ್ನ ಗಂಡ ಏನ್ ಬಾರಸ್ತಾನಬೇ?” ಅಂತ ಓಣಿಯವರು ಕೇಳಿದರೆ ಮಲ್ಕಮ್ಮ ನಗುತ್ತಿದ್ದಳು. “ಅವ್ರು ಬಾರಸಂಗಿಲ್ಲ, ಹಿಡಕೊಂಡು ನಿಂತಿರ್ತಾರ.”

ಹಲ್ಲು ಹೋದ ಮೇಲೆ ಧರ್ಮಣ್ಣ ಜೇವರ್ಗಿಗೆ, ಮಗಳ ಮನೆಗೆ ಹೋದ. ಪೀರಪ್ಪನ ಸನಾದಿ ಅರಿವೆ ಸುತ್ತಿಕೊಂಡು ಗೋಡೆಯ ಮಾಡದಲ್ಲಿ ಕೂತಿತು.

ಪೀರಪ್ಪನ ಮಗಳು ಸಂಘಮಿತ್ರಾ ಆಳಂದದ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಹೆಣ್ಣು ಒಪ್ಪಿಸುವಾಗ ಅಪ್ಪ, ಧರ್ಮಣ್ಣ ಇಬ್ಬರೂ ನುಡಿಸುತ್ತಿದ್ದ ಧಾಟಿಯನ್ನು ಶಾಲೆಯ ಗ್ಯಾದರಿಂಗಿನಲ್ಲಿ ಹುಡುಗಿಯರು ನುಡಿಸಬೇಕೆಂದು ಅವಳಿಗೆ ಆಸೆಯಾಯಿತು. ಧರ್ಮಣ್ಣನಿಂದ ಫೋನಿನಲ್ಲಿ ಹಾಡಿಸಿಕೊಂಡು, ಒಂದು ರವಿವಾರ ಲ್ಯಾಪ್‌ಟಾಪು ತಂದು ಅಪ್ಪನ ಎದುರಿಗೆ ಕೂತಳು. ಗೆರೆಗಳ ಮೇಲೆ ಸ್ವರ ಕೂಡಿಸಿದರೆ ಅದನ್ನು ತಾನೇ ನುಡಿಸಿ ತೋರಿಸುವ ಸಾಫ್ಟ್‌ವೇರು ಅದರಲ್ಲಿತ್ತು.

“ಅಪ್ಪಾ, ನಿಂದೂ ಹೇಳು, ಬರೀತೇನಿ.”

“ನಂದೇನ್ ಬರೀತಿ ಬಿಡವ್ವಾ. ಧರ್ಮಣ್ಣಂದು ಬರಿ. ಸುರ ಇದ್ದೇ ಇರ್ತದ.”

ಸುರ ಹಿಡಿಯುವವರು ಹೀಗನ್ನುವುದೇ ರೂಢಿ. ಮಗಳು ಅದನ್ನೇ ಖರೆ ಅಂದುಕೊಂಡು ಧರ್ಮಣ್ಣನ ಧಾಟಿಯನ್ನಷ್ಟೇ ಕೂಡಿಸಿ ನುಡಿಸಿದಳು. ಧಾಟಿ ಬಂತು, ಆದರೆ ಬರಿಗಾಲಲ್ಲಿ ಬಂತು. ಪೀರಪ್ಪ ಚಹದ ಬಶಿ ಹಿಡಿದವನು ಕುಡಿಯುವುದನ್ನು ಮರೆತ.

“ಛಲೋ ಅದ,” ಅಂದ.

ಮಲ್ಕಮ್ಮನಿಗೆ ಆ ಮುಖ ಗೊತ್ತು. “ಏನ್ ಛಲೋ? ಮಾರಿ ಸಪ್ಪಗಾಗ್ಯದ ನೋಡು. ಸಂಘೀ, ನೀ ಇದನ್ನ ಕಾಗದಕ್ಕ ಇಳಿಸಿ ಹುಡುಗ್ಯಾರ ಕೈಗೆ ಕೊಟ್ರ, ಅಲ್ಲಿ ಇನ್ನೊಬ್ಬಾಂವ ನಿಂತಿದ್ದ ಅಂತ ಯಾರಿಗೆ ಗೊತ್ತಾಗ್ತದ? ಇವ್ರು ಬ್ಯಾಡ ಅಂದ್ರ ಕೇಳಬ್ಯಾಡ. ಊಟಕ್ಕ ಕುಂತಾಗೂ ಬ್ಯಾಡ ಅಂತಾರ, ನಾ ನೀಡದೆ ಬಿಟ್ಟೀನೇನು?”

ಸಂಘಮಿತ್ರಾ ನಾಲಿಗೆ ಕಚ್ಚಿಕೊಂಡಳು. ಅದೇ ಸಾಲಿನಲ್ಲಿ, ಧರ್ಮಣ್ಣನ ಸ್ವರಗಳ ನಡುವೆಯೇ, ಅಪ್ಪನ ಸುರ ಸೇರಿಸಿ ನುಡಿಸಿದಳು. ಧಾಟಿಯ ಸ್ವರ ಬಂದಾಗಲೆಲ್ಲ ಸುರ ತುಂಡುತುಂಡಾಯಿತು.

ಪೀರಪ್ಪ ಬೆಚ್ಚಿದ. “ಏ, ನಾ ಹಿಂಗ ಯಾವಾಗ ಬಿಕ್ಕಳಿಸಿದ್ನೇ?”

“ಇಬ್ರನ್ನೂ ಒಂದ ದನಿಯೊಳಗ ತುರುಕೀನಪ್ಪಾ. ಇದಕ್ಕ ಒಬ್ಬಾಂವಂದೇ ಉಸಿರು ಅನಸ್ಯದ. ಧರ್ಮಣ್ಣ ಕಾಕಾ ಬಾಯಿ ತೆಗದಾಗೆಲ್ಲ ನಿನ್ನ ಬಾಯಿ ಮುಚ್ಚಾಕತ್ತದ.”

“ಖರೇ ಲಗ್ನದ ಮಂದ್ಯಾಗೂ ಹಂಗೇ ಆಗ್ತಿತ್ತು ಬಿಡು,” ಅಂದಳು ಮಲ್ಕಮ್ಮ.

ಮಗಳು ಆ ತುಂಡುಗಳನ್ನು ಅಳಿಸಿದಳು. ಅದೇ ಐದು ಗೆರೆಗಳ ಮೇಲೆ ಎರಡನೇ ದನಿ ಅಂತ ಬೇರೆ ತೆಗೆದು, ಅಪ್ಪನ ಸ್ವರಗಳನ್ನೆಲ್ಲ ಅದಕ್ಕೆ ಕೊಟ್ಟಳು. ಧರ್ಮಣ್ಣನ ಸ್ವರಗಳು ನೀಲಿ, ಅವುಗಳ ಕಡ್ಡಿ ಮೇಲಕ್ಕೆ. ಪೀರಪ್ಪನವು ಹಸಿರು, ಕಡ್ಡಿ ಕೆಳಕ್ಕೆ. ಸುರ ಕಡಿಯಬಾರದೆಂದು ಒಂದರಿಂದ ಇನ್ನೊಂದಕ್ಕೆ ಕಮಾನು ಕಟ್ಟಿದಳು.

“ಸೊನ್ನದ ಬ್ಯಾರೇಜಿನ ಗೇಟು ಸಾಲಾಗಿ ನಿಂತಂಗ ಅದಲ್ಲ,” ಅಂದ ಪೀರಪ್ಪ. ಆಮೇಲೆ ಮೆಲ್ಲಗೆ, “ನೀಲಿ ನನಗ ಕೊಡಾಕ ಬರಂಗಿಲ್ಲೇನು?”

“ನೋಡು, ಈಗ ಬಣ್ಣ ಕೇಳಾಕೂ ಬಾಯಿ ಬಂತು!” ಮಲ್ಕಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಈ ಸಲ ಧಾಟಿಯ ಕೆಳಗೆ ಸುರ ಇತ್ತು, ಬಿಕ್ಕಳಿಕೆಯಿಲ್ಲದೆ. ಕೂತಲ್ಲೇ ಪೀರಪ್ಪನ ಕೆನ್ನೆಗಳು ಉಬ್ಬಿದವು. ಧಾಟಿ ಮುಗಿಯಿತು, ಸುರವೂ ಅದರ ಜೊತೆಗೇ ನಿಂತಿತು. ಪೀರಪ್ಪ ಕೈ ಎತ್ತಿದ.

“ತಡಿ ತಡಿ. ಹುಡುಗಿ ಗಾಡಿ ಇನ್ನಾ ಕಾಣಾಕತ್ತದ.”

ಅವರ ಪದ್ಧತಿ ಅದು. ಧರ್ಮಣ್ಣ ಸನಾದಿ ಇಳಿಸಿದ ಮೇಲೂ ಮದುಮಗಳ ಗಾಡಿ ಮರೆಯಾಗುವ ತನಕ ಸುರ ಬಿಡುವಂತಿಲ್ಲ. ಆ ಹೊತ್ತಿಗೆ ಜನ ಅಳುವುದರಲ್ಲಿ ಇರುತ್ತಾರೆ, ಯಾರೂ ಕೇಳುವುದಿಲ್ಲ.

ಸಂಘಮಿತ್ರಾಳ ಬೆರಳು ನಿಂತಿತು. “ನನ್ನ ಲಗ್ನದಾಗ ನೀ ಜೀಪಿನ ಹಂತ್ಯಾಕ ಬರಲೇ ಇಲ್ಲಪ್ಪಾ. ಎಷ್ಟ್ ಹುಡುಕೀನಿ ನಿನ್ನ.”

“ಸುರ ಬಿಟ್ಟು ಹೆಂಗ ಬರ್ಲಿ ಮಗಳೇ? ನಿನ್ನ ಜೀಪು ಬಸ್‌ಸ್ಟ್ಯಾಂಡ್ ದಾಟಿ ಹೊಳ್ಳೂಮಟ ಹಿಡದೀನಿ.”

ಮಗಳು ಲ್ಯಾಪ್‌ಟಾಪಿನ ಕಡೆ ತಿರುಗಿದಳು. ನೀಲಿಯ ಜಾಗದಲ್ಲಿ ಸುಮ್ಮನಿರುವ ಗುರುತು ಹಾಕುತ್ತ, ಕೆಳಗೆ ಹಸಿರನ್ನು ಮುಂದಕ್ಕೆ, ಇನ್ನೂ ಮುಂದಕ್ಕೆ ಬೆಳೆಸಿದಳು. ಮತ್ತೆ ನುಡಿಸಿದಳು. ಧಾಟಿ ಮುಗಿದು, ಪೀರಪ್ಪನ ಸುರ ಒಂದೇ ಉಳಿಯಿತು. ಇಷ್ಟು ವರ್ಷ ಜೊತೆಗಿದ್ದರೂ ಆ ಸುರವನ್ನು ಧಾಟಿಯಿಲ್ಲದೆ ಒಂಟಿಯಾಗಿ ಮಲ್ಕಮ್ಮ ಎಂದೂ ಕೇಳಿರಲಿಲ್ಲ. ಅವಳು ಬಾಗಿಲ ಕಡೆ, ರಸ್ತೆಯನ್ನು ನೋಡುತ್ತ ಕೂತಳು.

ಸುರ ನಿಂತಿತು. ಪೀರಪ್ಪ ಕೆನ್ನೆ ಇಳಿಸಿ, ಕೈಯಲ್ಲಿದ್ದ ಬಶಿ ನೋಡಿದ.

“ಚಹಾ ಆರ್ಯದ. ಇನ್ನೊಂದು ಕಪ್ಪು ಬಿಸಿದು ಕೊಡಬೇ.”

ಕೇಳುವ ಮೊದಲೇ ಬೇಡ ಅನ್ನುವ ಮನುಷ್ಯ, ತಾನಾಗಿ ಕೇಳಿದ. ಮಲ್ಕಮ್ಮ ಈ ಸಲ ಏನೂ ಕೆಣಕದೆ ಒಲೆಯ ಕಡೆಗೆ ಎದ್ದಳು.