ಚಾದರದೊಳಗಿನ ಹಾಜರಿ

ಭಾನುವಾರ, ಬೆಳಗ್ಗೆ ಎಂಟು ಗಂಟೆ, ರಾಯಚೂರಿನ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು: ನಾನು, ನನ್ನ ತಂಗಿಯ ಮಗಳು, ದೇವದುರ್ಗದ ರೊಟ್ಟಿ ಸಂಘದ ಅಧ್ಯಕ್ಷೆ. ಅಧ್ಯಕ್ಷೆಯ ಫೋನನ್ನೂ ಹಾಜರಿಗೆ ಸೇರಿಸಬೇಕು; ನಮ್ಮ ಮೂವರಿಗಿಂತ ಹೆಚ್ಚು ಬಾಯಿ ಮಾಡಿದ್ದು ಅದೇ.

ಈ ಅಧ್ಯಕ್ಷೆ ಒಂದು ಕಾಲಕ್ಕೆ ನಾನು ವಾರ್ಡನ್ ಆಗಿದ್ದ ದೇವದುರ್ಗದ ಹಾಸ್ಟೆಲಿನ ಹುಡುಗಿ. ಈಗ ಅವಳ ಸಂಘ ಮಾನ್ವಿ, ರಾಯಚೂರಿನ ಮನೆಗಳಿಗೆ ಜೋಳದ ರೊಟ್ಟಿ ಕಳಿಸುತ್ತದೆ. ಆರ್ಡರುಗಳೆಲ್ಲ ಅವಳ ಫೋನಿಗೇ ಬರುತ್ತವೆ. ಹಿಟ್ಟಿನ ಕೈಯಲ್ಲಿ ಎತ್ತಿ ಎತ್ತಿ, ಆ ಫೋನನ್ನು ಕೊಡವಿದರೆ ಒಂದು ರೊಟ್ಟಿಗಾಗುವಷ್ಟು ಹಿಟ್ಟು ಬೀಳುವಂತಿತ್ತು. ಆ ಕಾಟ ತಪ್ಪಿಸಲು ತಂಗಿಯ ಮಗಳು ಒಂದು ವೆಬ್‌ಸೈಟ್ ಮಾಡಿದ್ದಳು. ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ. ಅಧ್ಯಕ್ಷೆ ಮಾತು ಬೆಳೆಸುವವಳಲ್ಲ: ತಾನು ಹನ್ನೊಂದರ ಬಸ್ಸು ಹತ್ತುವುದರೊಳಗೆ ವೆಬ್‌ಸೈಟ್ ಓಡಬೇಕು, ಇಲ್ಲವಾದರೆ ಕೆಲಸ ಬೇರೆಯವರಿಗೆ.

"ಮೂರು ಡಬ್ಬಿ ಅವ ಅಕ್ಕಾ. ಮ್ಯಾಲಿಂದು ಗಿರಾಕಿಗೆ ಕಾಣೋ ಪುಟ. ನಡುವಿಂದು ಆರ್ಡರ್ ತಗೊಂಡು ಕೆಲಸ ಹಚ್ಚತದ. ಕೆಳಗಿಂದು ಡೇಟಾಬೇಸ್, ಎಲ್ಲಾ ಇಟ್ಕೊಳ್ಳೋ ಉಗ್ರಾಣ. ಒಂದು ಕೆಟ್ರ ಅದನ್ನಷ್ಟ ಬದಲಿ ಮಾಡಬಹುದು. ಇವಕ್ಕ ಕಂಟೇನರ್ ಅಂತಾರ," ಎಂದಳು ತಂಗಿಯ ಮಗಳು.

"ಕ್ಯಾರಿಯರ್ ಡಬ್ಬಿ ಅನ್ನಬಾರದೇನ್ಬೇ? ಪಲ್ಯಾ ಯಾವುದ್ರಾಗ ಅದ?" ಎಂದಳು ಅಧ್ಯಕ್ಷೆ.

ತಂಗಿಯ ಮಗಳು ಮೂರನ್ನೂ ಸರ್ವರಿನಲ್ಲಿ ಒಟ್ಟಿಗೆ ಎಬ್ಬಿಸಿದಳು. ಪುಟ ಚೆಂದಾಗಿ ತೆರೆದುಕೊಂಡಿತು. ಆರ್ಡರ್ ಗುಂಡಿ ಒತ್ತಿದರೆ "ಸಂಪರ್ಕ ಸಿಗುತ್ತಿಲ್ಲ" ಎಂದು ಬಂತು. ಕೆಳಗಿನಿಂದ ಒಂದೊಂದಾಗಿ ಎಬ್ಬಿಸಿದರೆ ಓಡುತ್ತಿತ್ತು. ಒಟ್ಟಿಗೆ ಎಬ್ಬಿಸಿದರೆ ನಡುವಿನದು ಬಿದ್ದುಹೋಗುತ್ತಿತ್ತು.

"ನಾಳೆ ಎಲ್ಲಾ ಒಮ್ಮೆ ಬಂದ್ ಬಿದ್ದು ಮತ್ತ ಚಾಲೂ ಆದ್ರ, ಒಂದೊಂದ ಎಬ್ಬಸಾಕ ಯಾರು ಕುಂಡ್ರತಾರ?" ಅಧ್ಯಕ್ಷೆ ಚೀಲ ಹುಡುಕತೊಡಗಿದಳು. ಹತ್ತು ಗಂಟೆಯಾಗಿತ್ತು. ತಂಗಿಯ ಮಗಳ ಮುಖ ಸಣ್ಣದಾಯಿತು.

ನನಗೆ ತಿಳಿದ ಕೆಲಸ ಒಂದೇ. ಹಾಜರಿ ತೆಗೆದೆ.

"ಉಗ್ರಾಣ?"

"ಎದ್ದದ ದೊಡ್ಡವ್ವ."

"ನಡುವಿಂದು?"

"ಉಗ್ರಾಣ ಉತ್ತರಾ ಕೊಡಲಿಲ್ಲ ಅಂತ ಹೇಳಿ ಬಿದ್ದದ."

"ಎದ್ದಕಿ ಉತ್ತರಾ ಯಾಕ ಕೊಡಂಗಿಲ್ಲ?"

ಅಧ್ಯಕ್ಷೆ ಕಿಸಕ್ಕೆಂದು ನಕ್ಕಳು. "ಗೊತ್ತಿಲ್ಲೇನ್ರಿ ಮೇಡಂ? ನೀವು ಬಾಗಲದಾಗ ನಿಂತು ಹೆಸರು ಕೂಗ್ತಿದ್ರಿ. ನಾವು ಚಾದರದಾಗಿಂದ 'ಹಾಜರ್ ರೀ' ಅಂದು ಮತ್ತ ಮಕ್ಕೊಂತಿದ್ವಿ. ನಾ ಅಂತೂ ಮೂರು ಮಂದಿದು ಕೂಗ್ತಿದ್ದೆ, ಮೂರು ದನಿಯಾಗ!"

"ನಾಕು ಮಂದಿದು. ಅದಕ್ಕ ಮುಖಾ ತೊಳಕೊಂಡು ಹೊರಗಿನ ಕಟ್ಟಿ ಮ್ಯಾಗ ಬಂದವರಿಗಷ್ಟ ಹಾಜರಿ ಅಂತ ಮಾಡಿದ್ದು," ಎಂದೆ.

ತಂಗಿಯ ಮಗಳ ಬೆರಳು ನಿಂತವು. "ಅಯ್ಯ! ಉಗ್ರಾಣ ಮುಖಾ ತೊಳಕೊಂಡದೋ ಇಲ್ಲೋ ನೋಡೋ ತಪಾಸಣಿ ಬರದೀನಿ ದೊಡ್ಡವ್ವ. ಅದು ಮುಗಿಯೋತನ ಕಾಯಿ ಅಂತ ನಡುವಿಂದಕ್ಕ ಹೇಳೇ ಇಲ್ಲ. ಎದ್ದದ ಅಂದಕೂಡ್ಲೇ ಹೋಗಿ ಬಾಗಲಾ ಬಡಿಯಾಕತ್ತದ."

ಒಂದು ಸಾಲು ತಿದ್ದಿದಳು. ಮೂರನ್ನೂ ಮಲಗಿಸಿ ಮತ್ತೆ ಒಟ್ಟಿಗೆ ಎಬ್ಬಿಸಿದಳು. ಈ ಸಲ ನಡುವಿನದು ಸುಮ್ಮನೆ ಕಾಯಿತು. ನಾವೂ ಕಾದೆವು. ಉಗ್ರಾಣ ಮುಖ ತೊಳೆಯಿತು, ನಡುವಿನದು ಎದ್ದಿತು. ಇನ್ನೊಮ್ಮೆ ಮಲಗಿಸಿ ಎಬ್ಬಿಸಿದರೂ ಅಷ್ಟೇ ಶಿಸ್ತು.

"ನೋಡೂಣು ತಾಳ್ರಿ," ಎಂದು ಅಧ್ಯಕ್ಷೆ ತನ್ನ ಫೋನಿನಿಂದ ಐವತ್ತು ರೊಟ್ಟಿ ಬೇಕೆಂದು ನನ್ನ ವಿಳಾಸ ಹಾಕಿ ಗುಂಡಿ ಒತ್ತಿದಳು. ಆರ್ಡರ್ ಹೋಯಿತು. ಅವಳ ಫೋನ್ ತುಟಿ ಬಿಚ್ಚಲಿಲ್ಲ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಆರಾಮಾಗಿ ಎರಡನೇ ಚಹಾ ಕುಡಿದಳು. ಚೀಲ ಎತ್ತಿಕೊಳ್ಳುವಾಗ ಫೋನ್ ಬಡಿದುಕೊಂಡಿತು. ದೇವದುರ್ಗದ ಅಡುಗೆಮನೆಯಲ್ಲಿ ಇನ್ನೊಂದು ಫೋನಿನಲ್ಲಿ ಆರ್ಡರ್ ಬರುವ ಪುಟ ತೆರೆದಿಟ್ಟುಕೊಂಡು ಕೂತಿದ್ದ ಸಂಘದ ಹೆಂಗಸರು ಕರೆ ಮಾಡಿದ್ದರು.

"ಅಕ್ಕಾ, ರಾಯಚೂರಿಂದು ಐವತ್ತು ಬಂದಾವ. ಅರ್ಧಾ ಬಡದೀವಿ. ಖಡಕ್ ಬೇಕೋ ಮೆತ್ತಗ ಬೇಕೋ?"

ಬಡಿದ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡುವ ಗುಂಡಿಯನ್ನು ತಂಗಿಯ ಮಗಳು ಇಟ್ಟಿರಲಿಲ್ಲ.

"ಖಡಕ್ ಬಡೀರಿ, ಮೇಡಂ ಮನಿಗಿ," ಎಂದು ಅಧ್ಯಕ್ಷೆ ಫೋನ್ ಇಟ್ಟು ತಂಗಿಯ ಮಗಳ ಕಡೆ ತಿರುಗಿದಳು. "ಕೆಲಸ ನಿಂದ ಯವ್ವಾ. ಸುಳ್ಳ ಆರ್ಡರಿಗಿ ಬ್ಯಾರೆ ಗುಂಡಿ ಒಂದು ಇಡು." ಬಸ್ಸಿಗೆ ಓಡಿದಳು.

ಆ ಗುಂಡಿ ಮಧ್ಯಾಹ್ನದೊಳಗೆ ಆಯಿತು. ಸಂಜೆಯ ಬಸ್ಸಿಗೆ ರೊಟ್ಟಿ ಬಂದವು. ಅಕ್ಕಪಕ್ಕದ ಮನೆಗಳಿಗೆ ಹಂಚಿ, ಉಳಿದವನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.